ಮರಕೆಸು ತಂದವರ ಹೆಸರು

ನನ್ನ ಕೈಬರಹ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳುವುದು ನಾಚಿಕೆಗೇಡು, ಆದರೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಒಬ್ಬ ಅಡಿಗೆಯವನ ಅಕ್ಷರ ಇಷ್ಟು ದುಂಡಗೆ ಇರದೆ ಹೋಗಿದ್ದರೆ, ಒಂದು ಎಸ್ಟೇಟಿನ ಕೂಲಿ ಲೈನಿನ ಮನೆಗಳಲ್ಲಿ ಈ ಮಳೆಗಾಲವೂ ಪತ್ರೊಡೆ ಬೇಯುತ್ತಿತ್ತು.

ಬಾಳೂರಿನಿಂದ ಕಳಸದ ಕಡೆ ಹೋಗುವ ರಸ್ತೆಯಲ್ಲಿ ಹಳೆಯ ಕಾಫಿ ಗೋಡೌನೊಂದನ್ನು ರಿಪೇರಿ ಮಾಡಿ ಪಬ್ ಮಾಡಿದ್ದಾರೆ. ಬೋರ್ಡಿನ ಮೇಲೆ ಪಬ್ ಎಂದೇ ಇದೆ, ಊರಿನವರು ಬಾರು ಎನ್ನುತ್ತಾರೆ. ಅಲ್ಲಿನ ಅಡಿಗೆಮನೆ ನನ್ನದು. ನಡೆಸುವವರು ಇಲ್ಲಿಯದೇ ಪ್ಲಾಂಟರ್ ಮನೆತನವೊಂದರ ಸೊಸೆ, ನಾವೆಲ್ಲ ಮೇಡಂ ಎನ್ನುತ್ತೇವೆ. ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಕೆಟ್ಟವರು ಅಂತ ಯಾರೂ ಇಲ್ಲ. ಇದ್ದಿದ್ದರೆ ಅವರನ್ನು ಬೈದುಕೊಂಡು ನಾನು ಹಾಯಾಗಿರುತ್ತಿದ್ದೆ.

ಹೋದ ವರ್ಷ, ಬೇಸಿಗೆ ಮುಗಿಯುವ ಹೊತ್ತಿಗೆ ಮೇಡಂ ಅಡಿಗೆಮನೆಗೆ ಬಂದು ಹೇಳಿದರು: "ಅಣ್ಣ, ಇನ್ಮೇಲೆ ನಮ್ಮ ತಟ್ಟೆಗೆ ಬರೋದೆಲ್ಲ ಸುತ್ತಮುತ್ತ ಬೆಳೆದಿದ್ದೇ ಆಗ್ಬೇಕು. ಔಷಧಿ ಹೊಡೆದಿದ್ದು ಬೇಡ, ಲಾರೀಲಿ ಬಂದಿದ್ದು ಬೇಡ. ಬೆಳೆದವರಿಗೆ ಸರಿಯಾದ ಬೆಲೆ ನೇರವಾಗಿ ಸಿಗ್ಬೇಕು."

"ಟೊಮೇಟೊ?" ಎಂದೆ.

"ಇಲ್ಲಿ ಬೆಳೆಯಲ್ವಾ?"

"ಮಳೆಗಾಲಕ್ಕೆ ಇಲ್ಲಿ ಟೊಮೇಟೊ ನೆಟ್ರೆ ಕೊಳೆತ ಕಾಂಡ ಕೊಯ್ಯದು ಅಷ್ಟೇ ಮೇಡಂ."

"ಹಾಗಾದ್ರೆ ಟೊಮೇಟೊ ಇಲ್ದೆ ಅಡಿಗೆ ಮಾಡಿ," ಎಂದು ನಕ್ಕು ಹೋದರು. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಬಾಣಲೆ ಹಿಡಿದವನಿಗೆ ಹೇಳುವ ಮಾತೇ ಇದು? ಆದರೆ ಒಂದು ವಾರ ಗೊಣಗಿದ ಮೇಲೆ ನನಗೂ ಹಟ ಬಂತು. ಒಣಗಿಸಿದ ವಾಟೆಹುಳಿ ನೆನೆಸಿ ಹಂದಿ ಸಾರಿಗೆ ಹಾಕಿದೆ. ನನ್ನ ಅವ್ವ ಹಾಕುತ್ತಿದ್ದದ್ದೇ ಅದು. ಗಿರಾಕಿಗಳು ತಟ್ಟೆ ನೆಕ್ಕಿದರು.

ಉಳಿದದ್ದು ಅಷ್ಟು ಸುಲಭವಿರಲಿಲ್ಲ. ನಾಟಿಕೋಳಿ ಕೊಡುತ್ತೇನೆಂದು ಒಪ್ಪಿದವನು ಎರಡು ವಾರ ನಾಟಿಕೋಳಿಯನ್ನೇ ಕೊಟ್ಟ. ಮೂರನೇ ವಾರದ ಕೋಳಿ ಹದಿನೈದೇ ನಿಮಿಷಕ್ಕೆ ಬೆಂದು ಮೂಳೆ ಬಿಟ್ಟಿತು. "ಮೋಸ ಮಾಡೋದಾದ್ರೆ ಅಡಿಗೆಯವನಿಗೆ ಮಾಡ್ಬೇಡ ಮಾರಾಯ, ತಿನ್ನೋನಿಗೆ ಮಾಡು," ಎಂದು ಬೈದು ಕಳಿಸಿದೆ. ಹೊಳೆ ಮೀನು ತಂದವನ ಬುಟ್ಟಿಯಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಹೊಡೆಯುತ್ತಿತ್ತು. ಹಳ್ಳಕ್ಕೆ ಪುಡಿ ಸುರಿದು ಮರಿಮೀನೂ ಬಿಡದೆ ಬಾಚಿಕೊಂಡು ಬಂದಿದ್ದ. ಅವನನ್ನೂ ವಾಪಸು ಕಳಿಸಿದೆ. ಜೂನ್ ಬರುವಷ್ಟರಲ್ಲಿ ಮೆನುವಿನಲ್ಲಿ ಉಳಿದದ್ದು ಏಳು ಐಟಂ, ಅದರಲ್ಲಿ ಒಂದು ಬೇಯಿಸಿದ ಕಡಲೆಕಾಯಿ. ಕಡಲೆಕಾಯಿ ಯಾವ ಊರಿನದು ಎಂದು ಮೇಡಂ ಕೇಳಿದರು. ಆ ದಿನ ಕೆಲಸ ಬಿಟ್ಟುಹೋಗಬೇಕು ಅನ್ನಿಸಿತ್ತು.

ಆಗ ಬಂದವರು ಸೊಪ್ಪಿನಕ್ಕ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದು ಆದದ್ದೇ ಸಾಕು.

ನಮ್ಮಲ್ಲಿ ಪಾತ್ರೆ ತೊಳೆಯುವ ಹೆಂಗಸು ಪಕ್ಕದ ಎಸ್ಟೇಟಿನ ಲೈನಿನವರು. ಲೈನ್ ಅಂದರೆ ತೋಟದ ಕೆಲಸದವರಿಗೆ ಕಟ್ಟಿಸಿದ ಸಾಲುಮನೆ. ಅವರ ನೆರೆಮನೆಯ ಅಕ್ಕ ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲಿಗೆ ಬಂದು, ತಲೆಯ ಮೇಲಿಂದ ಹೊದ್ದುಕೊಂಡಿದ್ದ ಪ್ಲಾಸ್ಟಿಕ್ಕಿನ ಒಳಗಿನಿಂದ ಒಂದು ಗಂಟು ತೆಗೆದರು. ಬಿಚ್ಚಿದರೆ ಮರಕೆಸು! ನೆಲದಲ್ಲಿ ಬೆಳೆಯುವ ಕೆಸುವಲ್ಲ. ಮಳೆ ಹಿಡಿದ ಮೇಲೆ ನೆರಳಿನ ಮರಗಳ ಪಾಚಿಯಲ್ಲಿ ಚಿಗುರುವ ಅಂಗೈ ಅಗಲದ ಮೆತ್ತನೆಯ ಎಲೆ. ಎಲ್ಲ ಮರದಲ್ಲೂ ಇರುವುದಿಲ್ಲ. ಯಾವ ಮರದ ಯಾವ ಕವಲಿನಲ್ಲಿ ಇದೆ ಎಂಬುದು ಆ ತೋಟದಲ್ಲಿ ಕಳೆ ಕಿತ್ತು ಬೆನ್ನು ಬಾಗಿದವರಿಗೇ ಗೊತ್ತು.

"ಗಡ್ಡೆ ಬಿಟ್ಟೇ ಕೊಯ್ದಿದೀನಿ ಅಣ್ಣ. ಎಳೇದು ಎರಡು ಎಲೆ ಅಲ್ಲೇ ಬಿಟ್ಟು ಬರದು. ಇಲ್ದಿದ್ರೆ ಮುಂದಿನ ವರ್ಷ ಮರ ಬೋಳು," ಎಂದರು.

ನಾನು ಎಲೆ ಮೂಸಿ ನೋಡಿದೆ. ಕಣ್ಣು ಒದ್ದೆಯಾಯಿತು ಅಂದರೆ ಸುಳ್ಳಲ್ಲ. ನಾನೂ ಅಂಥದೇ ಒಂದು ಲೈನಿನಲ್ಲಿ ಹುಟ್ಟಿದವನು.

ಪತ್ರೊಡೆಯನ್ನು ನಾನು ಮಾಡುವ ಕ್ರಮ ಹೀಗೆ. ಎಲೆಯ ಬೆನ್ನಿನ ದಪ್ಪ ನರವನ್ನು ಚಾಕುವಿನಿಂದ ಹೆರೆಯಬೇಕು. ನೆನೆಸಿದ ಅಕ್ಕಿ, ಒಣಮೆಣಸಿನಕಾಯಿ, ಕೊತ್ತಂಬರಿ, ಬೆಲ್ಲ, ಹುಳಿ ಹಾಕಿ ತರಿತರಿಯಾಗಿ ರುಬ್ಬಬೇಕು. ಹುಳಿಯಲ್ಲಿ ಜುಗ್ಗತನ ಮಾಡಿದರೆ ಗಂಟಲು ತುರಿಸುತ್ತದೆ. ಎಲೆ ಮಗುಚಿ ಹಾಸಿ, ಹಿಟ್ಟು ಸವರಿ, ಅದರ ಮೇಲೆ ಇನ್ನೊಂದು ಎಲೆ, ಹೀಗೆ ಆರು ಪದರ ಮಾಡಿ, ಸುತ್ತಿ, ಒಂದು ಗಂಟೆ ಹಬೆಯಲ್ಲಿ ಬೇಯಿಸಬೇಕು. ಆರಿದ ಮೇಲೆ ಬಿಲ್ಲೆ ಕತ್ತರಿಸಿ ಕೊಬ್ಬರಿ ಎಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಕಾಯಿಸಿದರೆ, ಬಿಯರಿನ ಜೊತೆಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಒಂದೇ ವಾರದಲ್ಲಿ ಪತ್ರೊಡೆ ಕೇಳಿಕೊಂಡು ಮೂಡಿಗೆರೆಯಿಂದ ಜನ ಬರತೊಡಗಿದರು. ಅಕ್ಕ ವಾರಕ್ಕೆ ಎರಡು ಸಲ ಎಲೆ ತಂದರು. ಮೇಡಂ ಕೊಟ್ಟ ಬೆಲೆ ನೋಡಿ ಮೊದಲ ದಿನ "ತಪ್ಪಿ ಕೊಟ್ರಾ?" ಎಂದು ಕೇಳಿದ್ದರು.

ಅದೇ ಸಂತೋಷದಲ್ಲಿ ಮೇಡಂ ಒಂದು ಕರಿಹಲಗೆ ತಂದು ಬಾಗಿಲ ಪಕ್ಕ ನಿಲ್ಲಿಸಿದರು. "ಏನು ಎಲ್ಲಿಂದ ಬಂತು, ಯಾರು ತಂದ್ರು ಅಂತ ದಿನಾ ಬರೀರಿ ಅಣ್ಣ. ನಿಮ್ಮ ಅಕ್ಷರ ಅಷ್ಟು ಚಂದ ಇದೆ. ದುಡಿದವರ ಹೆಸರು ಮುಚ್ಚಿಟ್ಟು ನಾವು ಮಾತ್ರ ಹೆಸರು ಮಾಡ್ಕೊಳೋದು ಅನ್ಯಾಯ ಅಲ್ವಾ?"

ಹೌದು ಅನ್ನಿಸಿತು. ನಾನು ಬರೆದೆ: ಇಂದಿನ ಪತ್ರೊಡೆಯ ಮರಕೆಸು ಕೊಯ್ದು ತಂದವರು, ಎಂದು ಅಕ್ಕನ ಹೆಸರು. ಅದರ ಕೆಳಗೆ ಎಸ್ಟೇಟಿನ ಹೆಸರು, ಲೈನ್ ಎಂದು. ಸುತ್ತ ಸುಣ್ಣದ ಕಡ್ಡಿಯಲ್ಲೇ ಎಲೆಯ ಚಿತ್ರ ಬಿಡಿಸಿದೆ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. "ಯಾರ್ರೀ ಬರೆದಿದ್ದು?" ಎಂದು ಕೇಳಿದಾಗಲೆಲ್ಲ ನಾನು ಕೈ ಒರೆಸಿಕೊಂಡು ಹೊರಗೆ ಬರುತ್ತಿದ್ದೆ. ಏನು ಜಂಬ ನನಗೆ!

ಮುಂದಿನ ಸಲ ಎಲೆ ತಂದಾಗ ಅಕ್ಕನನ್ನು ಕರೆದುಕೊಂಡು ಹೋಗಿ ಹಲಗೆ ತೋರಿಸಿದೆ. ಅವರಿಗೆ ತಮ್ಮ ಹೆಸರು ಓದಲು ಬರುತ್ತಿತ್ತು. ಓದಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಅತ್ತಿತ್ತ ನೋಡಿದರು.

"ಹೆಸರು ಗಿಸರು ಎಂತಕ್ಕೆ ಅಣ್ಣ? ಒರೆಸಿಬಿಡಿ ಮಾರಾಯ್ರೆ."

"ನಾಚ್ಕೊಳದು ಎಂತಕ್ಕಕ್ಕಾ? ನೀವೇನು ಕದ್ದಿದೀರಾ?" ಎಂದೆ.

ಅವರು ಸೆರಗು ಸರಿಮಾಡಿಕೊಂಡು ಹಿತ್ತಿಲ ಕಡೆ ನಡೆದರು. ನಾನು ಅದನ್ನು ಸಂಕೋಚ ಎಂದುಕೊಂಡೆ. ಬೇರೆ ಊರಿನವನು ಹಾಗೆ ಅಂದುಕೊಂಡಿದ್ದರೆ ಕ್ಷಮಿಸಬಹುದು. ಲೈನಿನಲ್ಲಿ ಹುಟ್ಟಿದ ನಾನು ಅಂದುಕೊಂಡೆ.

ಯಾಕೆಂದರೆ ನನಗೆ ಗೊತ್ತಿತ್ತು. ನನ್ನ ಅವ್ವ ಸಂಜೆ ಕೆಲಸ ಬಿಟ್ಟು ಬರುವಾಗ ಮಳೆಗೆ ಹೊದೆಯುವ ಗೊರಬಿನ ಒಳಗೆ ಕೆಸುವೋ ಅಣಬೆಯೋ ಒಂದು ಹಿಡಿ ಎಳೆಬಿದಿರಿನ ಕಳಲೆಯೋ ಇರುತ್ತಿತ್ತು. ದಾರಿಯಲ್ಲಿ ರೈಟರು ಸಿಗುತ್ತಿದ್ದರು. ತೋಟದ ಹಾಜರಿ, ಲೆಕ್ಕ ಎಲ್ಲ ಬರೆಯುವವರು ಅವರು. ಅವ್ವನ ಗೊರಬು ಉಬ್ಬಿರುವುದು ಅವರಿಗೆ ಕಾಣುತ್ತಿತ್ತು. ಅವರು ಆಕಾಶ ನೋಡಿಕೊಂಡು "ಮಳೆ ಬಿಡೋ ಹಾಗೆ ಕಾಣಲ್ಲ" ಎನ್ನುತ್ತಿದ್ದರು. ಅವ್ವ "ಹೌದು ರೈಟ್ರೆ" ಎಂದು ದಾಟಿ ಹೋಗುತ್ತಿದ್ದಳು. ಮಾರನೇ ದಿನ ರೈಟರ ಮನೆಯ ಜಗಲಿಗೆ ನಾಲ್ಕು ಎಲೆ ತಲುಪುತ್ತಿತ್ತು. ಆಷಾಢದ ಮೊದಲ ಎಲೆ ತೋಟದ ಒಡೆಯರಾದ ಸಾಹುಕಾರರ ಅಡಿಗೆಮನೆಗೇ ಹೋಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಿರಲಿಲ್ಲ. ಕೇಳದೆ ಇರುವುದೇ ಅಲ್ಲಿನ ಒಪ್ಪಂದ. ಅದನ್ನು ನಾನು ಸುಣ್ಣದ ಕಡ್ಡಿಯಲ್ಲಿ, ದುಂಡಗೆ, ರಸ್ತೆಗೆ ಕಾಣುವ ಹಾಗೆ ಬರೆದಿಟ್ಟಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಅಕ್ಕ ಕೆಲಸ ಮಾಡುವ ಎಸ್ಟೇಟಿನ ಸಾಹುಕಾರರೇ ಹಾಸನದ ನೆಂಟರನ್ನು ಕರೆದುಕೊಂಡು ಊಟಕ್ಕೆ ಬಂದರು. ಪತ್ರೊಡೆ ಎರಡು ಪ್ಲೇಟು ಹೋಯಿತು. ನೆಂಟರಲ್ಲಿ ಒಬ್ಬರು ಹಲಗೆ ಓದಿ ಜೋರಾಗಿ, "ಏನ್ ಭಾವ, ನಿಮ್ಮ ತೋಟದ ಎಲೆ ನಿಮಗೇ ಮಾರ್ತಿದಾರಲ್ರೀ!" ಎಂದರು. ಕೂತಿದ್ದವರೆಲ್ಲ ನಕ್ಕರು. ಸಾಹುಕಾರರೂ ನಕ್ಕರು. ಹೋಗುವಾಗ ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ಪತ್ರೊಡೆ ನೀನೇನಯ್ಯಾ ಮಾಡಿದ್ದು? ನಮ್ಮಮ್ಮ ಮಾಡಿದ ಹಾಗೇ ಇತ್ತು."

"ನಿಮ್ಮ ಆಶೀರ್ವಾದ ಸಾಹುಕಾರ್ರೆ."

"ನಮ್ಮ ತೋಟದಲ್ಲಿ ಇಂಥ ವ್ಯಾಪಾರ ಉಂಟು ಅಂತ ನಂಗೇ ಗೊತ್ತಿರ್ಲಿಲ್ಲ ನೋಡು," ಎಂದು, ಅದೇ ನಗುವಿನಲ್ಲೇ ಹೋದರು.

ಬುಧವಾರ ಅಕ್ಕ ಬರಲಿಲ್ಲ. ಗುರುವಾರ ಪಾತ್ರೆ ತೊಳೆಯುವ ಹೆಂಗಸು ತಲೆ ಎತ್ತದೆ ಹೇಳಿದರು: ಸೋಮವಾರ ಹಾಜರಿಯ ಹೊತ್ತಿಗೆ ಎಲ್ಲರ ಎದುರು ಅಕ್ಕನನ್ನು ಪಕ್ಕಕ್ಕೆ ನಿಲ್ಲಿಸಿ, ಸದ್ಯಕ್ಕೆ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಕೆಲಸ ಹೋದರೆ ಲೈನ್ ಮನೆಯೂ ಹೋಗುತ್ತದೆ. ಇಪ್ಪತ್ತೆರಡು ವರ್ಷದಿಂದ ಇದ್ದ ಮನೆ. ನಾನು ಓಡಿಹೋಗಿ ಹಲಗೆ ಒರೆಸಿದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಕೇಳಿ ಮೇಡಂ ಮುಖ ಬಿಳಿಚಿಕೊಂಡಿತು. ಆವತ್ತೇ ಸಾಹುಕಾರರ ಬಂಗಲೆಗೆ ಹೊರಟೆವು. ದಾರಿಯಲ್ಲಿ ನಾನು ಹೇಳಿದೆ, "ಎಲೆ ಅವರ ತೋಟದ್ದಲ್ಲ, ಅತ್ತಿಗುಂಡಿ ಕಡೆಯಿಂದ ಬಂದಿದ್ದು, ಹೆಸರು ನಾನೇ ಚಂದಕ್ಕೆ ಬರೆದೆ ಅಂತ ಹೇಳ್ತೀನಿ ಮೇಡಂ. ಬೈಗಳ ನಂಗೆ ಬೀಳ್ಲಿ."

"ಸುಳ್ಳು ಬೇಡ ಅಣ್ಣ," ಎಂದರು ಮೇಡಂ. "ಇದ್ದದ್ದು ಇದ್ದ ಹಾಗೆ ಹೇಳೋಕೇ ಅಲ್ವಾ ಇಷ್ಟೆಲ್ಲ ಶುರುಮಾಡಿದ್ದು? ಮಾತಾಡಿ ಸರಿಮಾಡೋಣ."

ಆ ಒಂದು ಸುಳ್ಳು ಹೇಳಿದ್ದರೆ ಎಲ್ಲ ಮೊದಲಿನ ಹಾಗೇ ಮುಚ್ಚಿಹೋಗುತ್ತಿತ್ತು. ಸಾಹುಕಾರರು ನಂಬುತ್ತಿರಲಿಲ್ಲ, ಆದರೆ ನಂಬಿದ ಹಾಗೆ ಮಾಡುತ್ತಿದ್ದರು. ಅವರಿಗೂ ಅದೇ ಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಆಗ ಮೇಡಂ ಮಾತಿಗೆ ಒಪ್ಪಿಕೊಂಡೆ.

ಬಂಗಲೆಯ ಜಗಲಿಯಲ್ಲಿ ನಮಗೆ ಕಾಫಿ ಕೊಟ್ಟರು. ಸಾಹುಕಾರರು ಸಿಟ್ಟಾಗಿರಲಿಲ್ಲ. "ನೋಡಮ್ಮ, ನಮ್ಮ ಲೈನಿನವರು ನಾಲ್ಕು ಎಲೆ ಕೊಯ್ದು ತಿಂದ್ರೆ ನಾನಾಗ್ಲಿ ನಮ್ಮಪ್ಪನಾಗ್ಲಿ ಯಾವತ್ತಾದ್ರೂ ಕೇಳಿದ್ದುಂಟಾ? ಆದ್ರೆ ಬೋರ್ಡ್ ಹಾಕಿದ ಮೇಲೆ ಸುಮ್ನಿರೋದು ಹೇಗೆ? ನಾಳೆ ಮೆಣಸಿಗೂ ಬೋರ್ಡ್ ಬರುತ್ತೆ. ಬೇರೆ ತೋಟದವರು ನನ್ನ ಕೇಳ್ತಾರೆ."

ನ್ಯಾಯವಾಗಿಯೇ ಇತ್ತು. ಎಲ್ಲರೂ ಕಾಫಿ ಕುಡಿಯುತ್ತಾ ಕೂತೆವು. ಆಗ ನಾನು ಬಾಯಿ ಬಿಟ್ಟೆ. ಯಾರೂ ನನ್ನನ್ನು ಕೇಳಿರಲಿಲ್ಲ.

"ಎಲೆ ನೀವೇ ಕೊಡಿ ಸಾಹುಕಾರ್ರೆ. ನಿಮ್ಮ ಎಸ್ಟೇಟಿನ ಹೆಸರಲ್ಲೇ ತಗೊಳ್ತೀವಿ, ಬೆಲೆ ನಿಮಗೇ ಕೊಡ್ತೀವಿ. ಕೊಯ್ಯೋಕೆ ಆ ಅಕ್ಕನನ್ನೇ ಹಾಕಿ. ಅವ್ರಿಗೂ ಕೆಲಸ ಇರುತ್ತೆ, ನಿಮಗೂ ಮರ್ಯಾದೆ."

ಸಾಹುಕಾರರು ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಪರವಾಗಿಲ್ವೇ, ತಲೆ ಓಡುತ್ತೆ ನಿಂಗೆ," ಎಂದರು. ಮೇಡಂ ಮುಖ ಅರಳಿತು. ಮಾರನೇ ದಿನವೇ ಅಕ್ಕ ಕೆಲಸಕ್ಕೆ ಹೋದರು, ಮನೆ ಉಳಿಯಿತು. ಕಾರಿನಲ್ಲಿ ವಾಪಸು ಬರುವಾಗ ನಾನು ಸಿಳ್ಳೆ ಹಾಕುತ್ತಿದ್ದೆ ಎಂಬುದನ್ನು ನೆನೆದರೆ ಈಗ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮುಂದಿನ ವಾರದಿಂದ ಎಲೆ ಎಸ್ಟೇಟ್ ಜೀಪಿನಲ್ಲಿ ಕ್ರೇಟು ತುಂಬಿ ಬಂತು, ಜೊತೆಗೆ ಚೀಟಿ. ಮೊದಲ ಕ್ರೇಟಿನಲ್ಲೇ ಗೊತ್ತಾಯಿತು. ಬಲಿತ ಎಲೆ, ಹರಿದ ಎಲೆ, ಗಡ್ಡೆ ಸಮೇತ ಕಿತ್ತ ಗಿಡ. ಅಕ್ಕನ ಜೊತೆಗೆ ಇನ್ನೂ ನಾಲ್ವರನ್ನು ಹಾಕಿ, ಇಷ್ಟು ಹೊತ್ತಿಗೆ ಇಷ್ಟು ಕ್ರೇಟು ಆಗಬೇಕು ಎಂದು ಮೇಸ್ತ್ರಿ ನಿಂತಿದ್ದನಂತೆ. ಎಳೆಯ ಎರಡು ಎಲೆ ಬಿಡುವವರ ಕೆಲಸ ನಿಧಾನ. ಒಂದು ದಿನ ಗಿರಾಕಿಯೊಬ್ಬರು ಗಂಟಲು ತುರಿಸುತ್ತದೆ ಎಂದು ತಟ್ಟೆ ವಾಪಸು ಕಳಿಸಿದರು. ಹುಳಿ ಹೆಚ್ಚು ಮಾಡಿದೆ. ನನ್ನ ಪತ್ರೊಡೆ ಹಾಳಾಯಿತು, ಅದು ದೊಡ್ಡ ಸಂಗತಿಯಲ್ಲ.

ದೊಡ್ಡದು ಬೇರೆ ಇತ್ತು. ಮರಕೆಸು ಈಗ ಎಸ್ಟೇಟಿನ ಮಾಲು. ಕಾಫಿಯ ಹಾಗೆ, ಮೆಣಸಿನ ಹಾಗೆ. ಸಂಜೆ ಕೆಲಸ ಬಿಡುವಾಗ ಗೇಟಿನಲ್ಲಿ ಹೆಂಗಸರ ಚೀಲ ನೋಡಲು ಶುರುಮಾಡಿದರು. ಮೊದಲು ಮರಕೆಸುವಿಗೆ ನೋಡಿದರು. ಆಮೇಲೆ ಅಣಬೆಗೂ ನೋಡಿದರು, ಕಳಲೆಗೂ ನೋಡಿದರು. ಒಂದು ಲೈನಿನ ಅಷ್ಟೂ ಮನೆಯ ಪಾತ್ರೆಗೆ ನಾನು ಕೈ ಹಾಕಿದ್ದೆ.

ತಡೆಯಲಾರದೆ ಅಕ್ಕನ ಎಸ್ಟೇಟಿನ ರೈಟರ ಮನೆಗೆ ಹೋದೆ. ವಯಸ್ಸಾದವರು. ಜಗಲಿಯಲ್ಲಿ ಕೂರಿಸಿ ಎಲೆಅಡಿಕೆ ಮುಂದಿಟ್ಟರು.

"ಮೊದಲಿನ ಹಾಗೆ ಕಂಡೂ ಕಾಣದ ಹಾಗೆ ಇರಬೌದಲ್ಲ ರೈಟ್ರೆ," ಎಂದೆ.

"ಇದ್ದೆನಲ್ಲ ಮಾರಾಯ್ರೆ, ಮೂವತ್ತು ವರ್ಷ," ಎಂದರು. "ಕಂಡಿದ್ದನ್ನ ಕಾಣ್ಲಿಲ್ಲ ಅನ್ನಬೌದು. ಬರೆದಿಟ್ಟಿದ್ದನ್ನ ಓದ್ಲಿಲ್ಲ ಅನ್ನಕ್ಕಾಗ್ತದಾ? ನಮ್ಮನೆ ಜಗಲಿಗೂ ಈ ವರ್ಷ ಎಲೆ ಬಂದಿಲ್ಲ, ನೋಡಿ."

ಮೇಡಂಗೆ ಎಲ್ಲ ಹೇಳಿದೆ. ಅವರು ಮತ್ತೆ ಬಂಗಲೆಗೆ ಹೋಗಿ, ಮನೆಮಟ್ಟಿಗೆ ಕೊಯ್ದುಕೊಳ್ಳಲು ಬಿಡಿ ಎಂದು ಕೇಳಿಕೊಂಡು ಬಂದರು. "ಎಲೆ ಸಾಲ್ತಿಲ್ಲ ಅಂತ ನೀವೇ ಫೋನ್ ಮಾಡ್ತೀರಿ, ಅವ್ರಿಗೆ ಎಲ್ಲಿಂದ ಬಿಡ್ಲಮ್ಮ?" ಎಂದರಂತೆ ಸಾಹುಕಾರರು. ಪತ್ರೊಡೆ ನಿಲ್ಲಿಸಿಬಿಡೋಣ ಎಂದೆ. ಅಷ್ಟರಲ್ಲಿ ಎರಡು ರೆಸಾರ್ಟಿನವರು ಅದೇ ತೋಟದಿಂದ ಎಲೆ ತರಿಸಲು ಶುರುಮಾಡಿದ್ದರು. ನಾವು ಬಿಟ್ಟರೆ ನಮ್ಮ ಕ್ರೇಟೂ ಅವರಿಗೇ ಹೋಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವ ಹೇಳುತ್ತಿದ್ದಳು. ನಾನು ಆಡಿದ್ದು ಒಂದೇ ಮಾತು, ಅದೂ ಬೇರೆಯವರ ಜಗಲಿಯಲ್ಲಿ, ಅವರ ಕಾಫಿ ಕುಡಿಯುತ್ತಾ.

ಹಲಗೆ ಮಾತ್ರ ಇನ್ನೂ ಇದೆ. ಈಗ ಅದರಲ್ಲಿ ಎಸ್ಟೇಟಿನ ಹೆಸರೊಂದೇ ಬರೆಯುತ್ತೇನೆ. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಎಲೆ ಹತ್ತಿರದ್ದು, ಔಷಧಿ ಹೊಡೆಯದ್ದು, ಚೀಟಿ ಇರುವುದು. ಪರಿಸರದ ಬಗ್ಗೆ ಬರೆಯುವವರೊಬ್ಬರು ಬಂದು ಮೆಚ್ಚಿಕೊಂಡು ಹೋದರು.

ಈ ವರ್ಷ ಮಳೆ ಹಿಡಿದು ತಿಂಗಳಾದರೂ ಕ್ರೇಟು ಅರ್ಧವೂ ತುಂಬುತ್ತಿಲ್ಲ. ಹೋದ ವರ್ಷ ಗಡ್ಡೆ ಕಿತ್ತ ಮರಗಳಲ್ಲಿ ಪಾಚಿ ಮಾತ್ರ ಇದೆಯಂತೆ. ಹೋದ ವಾರ ಮಧ್ಯಾಹ್ನ ನಾನು ಎಲೆಯ ನರ ಹೆರೆಯುತ್ತಿದ್ದಾಗ ಹಿತ್ತಿಲ ಬಾಗಿಲಲ್ಲಿ ನೆರಳು ಕಂಡಿತು. ಸೊಪ್ಪಿನಕ್ಕ. ಒಂದು ವರ್ಷದಿಂದ ಆ ಬಾಗಿಲಿಗೆ ಅವರು ಬಂದಿರಲಿಲ್ಲ. "ತಪ್ಪಾಯ್ತಕ್ಕಾ," ಎಂದೆ.

"ಅದೆಲ್ಲ ಬಿಡಿ," ಎಂದರು. ಹೊಸಿಲ ಆಚೆಯೇ ನಿಂತಿದ್ದರು. "ಮಗಳು ಮೊದಲ ಬಸುರಿ ಅಣ್ಣ, ಮನೆಗೆ ಬಂದಿದಾಳೆ. ಬಾಯಿ ಕೆಟ್ಟಿದೆ, ಅನ್ನ ಕಂಡ್ರೆ ಆಗಲ್ಲ. ಪತ್ರೊಡೆ ಬೇಕು ಅಂತಾಳೆ. ನಾಲ್ಕು ಎಲೆ ಕೊಡ್ತೀರಾ?"

ಯಾವ ಮರದ ಯಾವ ಕವಲಿನಲ್ಲಿ ಎಲೆ ಇದೆ ಎಂದು ಬಲ್ಲವರು, ನಾಲ್ಕು ಎಲೆ ನನ್ನ ಹತ್ತಿರ ಕೇಳುತ್ತಿದ್ದರು. ಕ್ರೇಟಿನಲ್ಲಿದ್ದ ಎಳೆಯ ಎಲೆಗಳನ್ನೆಲ್ಲ ಆರಿಸಿದೆ. ಇಪ್ಪತ್ತು ಇಪ್ಪತ್ತೈದು ಇದ್ದವೇನೋ. ಬಾಳೆಎಲೆಯಲ್ಲಿ ಸುತ್ತಿ ಕೊಟ್ಟೆ. ಅವರು ಅದನ್ನು ಚೀಲಕ್ಕೆ ಹಾಕಲಿಲ್ಲ. ಹೊದ್ದಿದ್ದ ಪ್ಲಾಸ್ಟಿಕ್ಕಿನ ಒಳಗೆ, ಸೊಂಟಕ್ಕೆ ಒತ್ತಿ ಇಟ್ಟುಕೊಂಡು ಸೆರಗು ಬಿಗಿದರು. ಆಗ ನನಗೆ ಗೇಟು ನೆನಪಾಯಿತು, ಲೈನಿಗೆ ಹೋಗಬೇಕಾದರೂ ಅದನ್ನೇ ದಾಟಬೇಕು.

"ನಿಲ್ಲಿ ಅಕ್ಕಾ, ಗೇಟಲ್ಲಿ ಕೇಳಿದ್ರೆ ತೊಂದ್ರೆ ಆಗ್ತದೆ. ಇದು ನಮ್ಮ ಅಡಿಗೆಮನೆಯಿಂದ ಕೊಟ್ಟಿದ್ದು ಅಂತ ಒಂದು ಚೀಟಿ ಬರ್ಕೊಡ್ತೀನಿ," ಎಂದು ಪೆನ್ನು ಹುಡುಕಿದೆ.

ಅವರು ಗಾಬರಿಯಿಂದ ಕೈ ಅಡ್ಡ ಹಿಡಿದರು.

"ಬೇಡ ಮಾರಾಯ್ರೆ, ಕೈ ಮುಗೀತೀನಿ," ಎಂದರು. "ನೀವು ಎಂತದೂ ಬರೀಬೇಡಿ."